ದುಡಿಮೆ ಯಾರದು, ಪುಸ್ತಕ ಯಾರ ಹೆಸರಿನಲ್ಲಿ?

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹಿಳೆಯರ ಆರ್ಥಿಕ ಸ್ಥಿತಿ ಮತ್ತು ಉದ್ಯೋಗದಲ್ಲಿ ಸಮಾನತೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಕೊಟ್ಟ ಸಮಯ ಅರ್ಧ ಗಂಟೆ. ಇಂಥ ವಿಷಯ ಬಂದಾಗ ಹಝ್ರತ್ ಖದೀಜಾ ಅವರ ವ್ಯಾಪಾರದಿಂದ ಆರಂಭಿಸಿ, ಹೆಣ್ಣಿಗೆ ಧರ್ಮ ಕೊಟ್ಟಿರುವ ಆಸ್ತಿಯ ಹಕ್ಕನ್ನು ನೆನಪಿಸಿ ಮುಗಿಸುವುದು ನಮ್ಮ ವೇದಿಕೆಗಳ ರೂಢಿ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಂದ ನೀವು ಹಲವು ಸಲ ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು. ಹಾಗಾಗಿ ಬೀಡಿಯಿಂದ ಆರಂಭಿಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಕಡೆಯ ಮನೆಗಳನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದಾದ ಮೇಲೆ ಹೆಂಗಸರು ಮಡಿಲಲ್ಲಿ ಸೂಪು ಇಟ್ಟುಕೊಂಡು ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ನೆನೆಸಿಟ್ಟ ಎಲೆ, ಕತ್ತರಿ, ಅಳತೆಗೆ ಒಂದು ತಗಡು, ಹೊಗೆಸೊಪ್ಪಿನ ಪುಡಿ, ನೂಲು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಮಾತು ನಡೆಯುತ್ತಿತ್ತು, ಮಗು ಕಾಲ ಮೇಲೆ ಮಲಗಿರುತ್ತಿತ್ತು, ಒಲೆಯ ಮೇಲೆ ಅನ್ನ ಬೇಯುತ್ತಿತ್ತು, ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ. ನೋಡಿದವರಿಗೆ ಅದು ಬಿಡುವಿನ ವೇಳೆಯ ಕೆಲಸದಂತೆ ಕಾಣುತ್ತಿತ್ತು. ತೊಂದರೆ ಇರುವುದೇ ಅಲ್ಲಿ.

ನನ್ನ ಉಮ್ಮ ಮದುವೆಯಾಗಿ ಬಂದ ವರ್ಷದಿಂದ ಇಪ್ಪತ್ತಮೂರು ವರ್ಷ ಬೀಡಿ ಕಟ್ಟಿದರು. ಆದರೆ ಬ್ರಾಂಚಿನ ಪುಸ್ತಕ ಇದ್ದದ್ದು ನನ್ನ ಅಜ್ಜಿಯ ಹೆಸರಿನಲ್ಲಿ. ಅಜ್ಜಿಯ ಕಣ್ಣು ಮಂಜಾಗಿ ಅವರು ಸೂಪು ಮುಟ್ಟುವುದನ್ನು ಬಿಟ್ಟ ಮೇಲೂ ಪುಸ್ತಕ ಅವರದೇ. ಒಂದೇ ಮನೆ, ಇನ್ನೊಂದು ಪುಸ್ತಕ ಯಾಕೆ ಎಂದು ಬ್ರಾಂಚಿನವರು ಹೇಳಿದರು, ಮನೆಯವರು ಸರಿ ಎಂದರು. ಬೀಡಿ ಒಯ್ಯುತ್ತಿದ್ದದ್ದು ನನ್ನ ಅಣ್ಣ. ಶನಿವಾರ ಬಟವಾಡೆಯ ದುಡ್ಡು ಬರುತ್ತಿದ್ದದ್ದು ತಂದೆಯ ಕೈಗೆ. ತಂದೆ ಕೆಟ್ಟವರಲ್ಲ. ಆ ದುಡ್ಡಿನಲ್ಲಿ ಅಕ್ಕಿ ಬಂತು, ನಮ್ಮ ಶಾಲೆಯ ಪುಸ್ತಕವೂ ಬಂತು. ಆದರೆ ಊರಲ್ಲಿ ಯಾರು ಕೇಳಿದರೂ ನಮ್ಮ ಮನೆಯಲ್ಲಿ ದುಡಿಯುವವರು ತಂದೆ ಒಬ್ಬರೇ ಎಂಬ ಉತ್ತರ. ಉಮ್ಮನೂ ಹಾಗೆಯೇ ಹೇಳುತ್ತಿದ್ದರು.

ನಾನು ಪಿ.ಯು.ಸಿ. ಓದುತ್ತಿದ್ದಾಗ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದೆ. ತಾಯಿಯ ಗುರುತಿನ ಚೀಟಿ ಕೇಳಿದರು. ಇದ್ದದ್ದು ಅಜ್ಜಿಯದು, ಮೊಮ್ಮಕ್ಕಳಿಗೆ ಕೊಡುವುದಿಲ್ಲವಂತೆ. ಅರ್ಜಿಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಬಂದೆ. ಮರುವರ್ಷ ಅಜ್ಜಿ ತೀರಿಕೊಂಡರು. ಪಿ.ಎಫ್. ಹಣ ಬಂತು, ಕಾಗದದಲ್ಲಿದ್ದಂತೆ ಅವರ ಗಂಡುಮಕ್ಕಳಿಗೆ ಹೋಯಿತು. ಅದನ್ನು ಪೈಸೆ ಪೈಸೆಯಾಗಿ ಕೂಡಿಸಿದ ಬೆರಳುಗಳು ಯಾವುವು ಎಂದು ಯಾರೂ ಕೇಳಲಿಲ್ಲ, ಉಮ್ಮನೂ ಹೇಳಲಿಲ್ಲ. ಇದರಲ್ಲಿ ಯಾರನ್ನಾದರೂ ಬೈಯಬೇಕೆಂದರೆ ಯಾರನ್ನು ಬೈಯುವುದು? ಎಲ್ಲರೂ ಕಾಗದದಲ್ಲಿದ್ದಂತೆಯೇ ನಡೆದುಕೊಂಡಿದ್ದರು.

ನಮ್ಮ ಬೇಲಿಯಾಚೆ ಇನ್ನೊಬ್ಬರಿದ್ದರು, ನಾವು ಅಕ್ಕ ಎಂದು ಕರೆಯುತ್ತಿದ್ದೆವು. ಅವರ ಪುಸ್ತಕ ಅವರ ಹೆಸರಿನಲ್ಲೇ ಇತ್ತು. ಬೀಡಿಯನ್ನು ಅವರೇ ಒಯ್ಯುತ್ತಿದ್ದರು. ಕಟ್ಟು ತಿರಸ್ಕರಿಸಿದರೆ ಅಲ್ಲೇ ನಿಂತು ವಾದ ಮಾಡುತ್ತಿದ್ದರು. ಕೊಟ್ಟ ಎಲೆ ಸಾಲದೆ ಬಂದರೆ ಕೈಯಿಂದ ದುಡ್ಡು ಹಾಕಿ ಎಲೆ ಕೊಂಡು ಲೆಕ್ಕ ತುಂಬಿಸಬೇಕಾಗುತ್ತಿತ್ತು. ಅದರ ಬಗ್ಗೆಯೂ ಅವರ ಜಗಳ ಇದ್ದದ್ದೇ. ಏಳನೆಯ ತರಗತಿ ಆದ ಮೇಲೆ ತಂಗಿಯನ್ನು ಶಾಲೆ ಬಿಡಿಸೋಣ ಎಂದು ದೊಡ್ಡ ಮಗ ಹೇಳಿದಾಗ, "ಅವಳ ಫೀಸು ನಿನ್ನ ಕಿಸೆಯಿಂದ ಹೋಗ್ತಾ ಉಂಟಾ?" ಎಂದು ಅವರು ಕೇಳಿದ್ದು ಬೇಲಿಯಾಚೆ ನಮಗೂ ಕೇಳಿಸಿತ್ತು. ಆ ಹುಡುಗಿ ಮುಂದೆ ನರ್ಸಿಂಗ್ ಓದಿದಳು. ನೆನಪಿಡಿ, ನನ್ನ ಉಮ್ಮನ ಕೈ ಆ ಅಕ್ಕನ ಕೈಗಿಂತ ಚುರುಕು. ವಾರಕ್ಕೆ ಅವರಿಗಿಂತ ಹೆಚ್ಚೇ ಕಟ್ಟುತ್ತಿದ್ದರು.

ಇದು ನಮ್ಮ ಊರಿನ ಎರಡು ಮನೆಗಳ ಕತೆ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಎಂ.ಎ. ಓದುವಾಗ ಅಮರ್ತ್ಯ ಸೇನ್ ಅವರ 1990ರ ಪ್ರಬಂಧವೊಂದು ಕೈಗೆ ಬಂತು. ಕುಟುಂಬದೊಳಗೆ ಸಹಕಾರವೂ ಇದೆ, ಪೈಪೋಟಿಯೂ ಇದೆ, ಯಾರಿಗೆ ಎಷ್ಟು ಸಿಗುತ್ತದೆ ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬುದು ಅದರ ವಿಷಯ. ಅಲ್ಲಿ ಅವರು ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಡುತ್ತಾರೆ. ಒಂದು, ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆಂಧ್ರದ ನರಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮಾಡಿದ್ದು, 1982ರಲ್ಲಿ ಪುಸ್ತಕವಾಗಿ ಬಂತು. ಆ ಹೆಂಗಸರು ಹಗಲಿನ ಬಹುಪಾಲು ಮನೆಯಲ್ಲಿ ಕುಳಿತು ಕ್ರೋಶಾ ಕಡ್ಡಿಯಿಂದ ಹೆಣೆದ ಲೇಸು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು. ಮಾರುವವರು, ಲಾಭ ಎಣಿಸುವವರು ಗಂಡಸರು. ಹೆಣೆಯುವವರನ್ನು ಊರು ಗೃಹಿಣಿಯರು ಎಂದೇ ಕರೆಯುತ್ತಿತ್ತು, ಅವರೂ ತಮ್ಮನ್ನು ಹಾಗೆಯೇ ಅಂದುಕೊಂಡಿದ್ದರು. ಮನೆಯೊಳಗಿನ ಅವರ ಸ್ಥಾನ ಆ ದುಡಿಮೆಯಿಂದ ಬದಲಾಗಲಿಲ್ಲ.

ಇನ್ನೊಂದು ಅಧ್ಯಯನ ಝರೀನಾ ಭಟ್ಟಿ ಅವರದು. ಅಲಹಾಬಾದಿನ ಬೀಡಿ ಕಟ್ಟುವ ಮುಸ್ಲಿಂ ಹೆಂಗಸರ ಕುರಿತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಾಗಿ 1980ರ ಸುಮಾರಿಗೆ ಮಾಡಿದ್ದು. ಅವರೂ ಮನೆಯಲ್ಲೇ ಕುಳಿತು ಕಟ್ಟುವವರು, ಅವರೂ ಬಡವರು. ಆದರೆ ಅಲ್ಲಿ ಅವರ ಕೆಲಸವನ್ನು ಕೆಲಸ ಎಂದೇ ನೋಡುತ್ತಿದ್ದರು. ಖರ್ಚಿನ ವಿಚಾರದಲ್ಲಿ ತಮ್ಮ ಮಾತು ನಡೆಯುತ್ತದೆ, ಮನೆಯಲ್ಲಿ ತಮ್ಮನ್ನು ನಡೆಸಿಕೊಳ್ಳುವ ರೀತಿ ಸುಧಾರಿಸಿದೆ ಎಂದು ಹೆಚ್ಚಿನವರು ಹೇಳಿದರು. ಸೇನ್ ಇದರಿಂದ ಎತ್ತಿ ತೋರಿಸುವುದು ಇಷ್ಟೇ: ಹೆಣ್ಣು ಎಷ್ಟು ದುಡಿಯುತ್ತಾಳೆ ಎಂಬುದಷ್ಟೇ ಅಲ್ಲ, ಅವಳು ದುಡಿಯುತ್ತಾಳೆ ಎಂದು ಮನೆ, ಊರು ಮತ್ತು ಅವಳು ಸ್ವತಃ ಕಾಣುತ್ತಾರೆಯೇ ಎಂಬುದು ಅವಳ ಸ್ಥಾನವನ್ನು ನಿರ್ಧರಿಸುತ್ತದೆ. ಓದಿ ಮುಗಿಸಿದಾಗ ನನಗೆ ನಮ್ಮ ಜಗಲಿಯೂ ಬೇಲಿಯಾಚೆಯ ಜಗಲಿಯೂ ಒಟ್ಟಿಗೆ ಕಣ್ಣಿಗೆ ಬಂದವು.

ಹಾಗೆಂದು ಬೀಡಿಯನ್ನು ಹೊಗಳುತ್ತಿದ್ದೇನೆ ಎಂದು ಭಾವಿಸಬೇಡಿ. ಹೊಗೆಸೊಪ್ಪಿನ ಧೂಳು, ಬೆನ್ನುನೋವು, ಕೂಲಿಯ ಕಡಿಮೆ, ಇವೆಲ್ಲ ನಿಮಗೆ ಗೊತ್ತಿರುವುದೇ. ಸೇದುವವರ ಆರೋಗ್ಯದ ಮಾತು ಬೇರೆ. ನಮ್ಮ ಮಕ್ಕಳು ಸೂಪು ಹಿಡಿಯದೆ ಇರಲಿ ಎಂದೇ ಉಮ್ಮಂದಿರು ಸೂಪು ಹಿಡಿದದ್ದು.

ಈಗ ಎಣಿಕೆಯ ವಿಚಾರಕ್ಕೆ ಬರೋಣ. ಕಣ್ಣಿಗೆ ಕಾಣದ ದುಡಿಮೆ ಸರಕಾರದ ಲೆಕ್ಕಕ್ಕೂ ಬರುವುದಿಲ್ಲ. ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಒಬ್ಬರು. 1970ರ ದಶಕದಲ್ಲಿ ಅವರು ಮತ್ತು ಸಂಗಡಿಗರು ರಾಜಸ್ಥಾನ ಹಾಗೂ ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಒಂದು ಸರಳ ಕೆಲಸ ಮಾಡಿದರು. "ನೀವು ಕೆಲಸ ಮಾಡುತ್ತೀರಾ?" ಎಂದು ಕೇಳುವುದನ್ನು ಬಿಟ್ಟು, ಮನೆಯ ಪ್ರತಿಯೊಬ್ಬರೂ ಯಾವ ಹೊತ್ತಿಗೆ ಏನು ಮಾಡುತ್ತಾರೆ ಎಂಬುದನ್ನು ನೋಡಿ ಬರೆದುಕೊಂಡರು. ಸರಕಾರಿ ಲೆಕ್ಕದಲ್ಲಿ ಕೆಲಸವಿಲ್ಲದವರು ಎಂದು ದಾಖಲಾಗುವ ಹೆಂಗಸರು ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಕಣದಲ್ಲಿ ದುಡಿಯುತ್ತಿದ್ದುದು ಆಗ ಕಾಗದದ ಮೇಲೆ ಬಂತು. ಇಂಥ ಒತ್ತಾಯಗಳ ಫಲವಾಗಿ 1991ರ ಜನಗಣತಿಯ ಪ್ರಶ್ನೆಯಲ್ಲಿ, ಹೊಲದಲ್ಲಿ ಅಥವಾ ಮನೆತನದ ಉದ್ದಿಮೆಯಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿದಂತೆ ಎಂಬ ಮಾತು ಸೇರಿತು. ನಾಲ್ಕೈದು ಪದಗಳ ತಿದ್ದುಪಡಿ. ಅದಕ್ಕೆ ಎಷ್ಟು ವರ್ಷ ಬೇಕಾಯಿತು ನೋಡಿ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಜಾಲಾಡಿದವರು. ಹಳೆಯ ಗಣತಿ ಪುಸ್ತಕಗಳಲ್ಲಿ ಮದುವೆಯಾದ ಹೆಂಗಸಿನ ಉದ್ಯೋಗದ ಕಲಮಿನಲ್ಲಿ ಬರೆದಿರುತ್ತಿದ್ದದ್ದು "ಹೆಂಡತಿ" ಎಂದು! ಗಂಡನ ಹೊಲದಲ್ಲಿ, ಅಂಗಡಿಯಲ್ಲಿ ಅವಳು ದುಡಿದದ್ದು ಆ ಒಂದು ಪದದೊಳಗೆ ಮುಚ್ಚಿಹೋಗಿತ್ತು. ಗೋಲ್ಡಿನ್ ಬೇರೆ ದಾಖಲೆಗಳನ್ನು ಹುಡುಕಿ ಲೆಕ್ಕ ಸರಿಪಡಿಸಿದರು.

ಇತ್ತೀಚಿನ ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಿ. ಭಾರತ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 88 ನಿಮಿಷ. ಇನ್ನು ಕಾರ್ಮಿಕ ಬಲದ ಸಮೀಕ್ಷೆ. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ರಲ್ಲಿ ಶೇ. 41.7ಕ್ಕೆ ಏರಿದೆ. ಚಪ್ಪಾಳೆ ತಟ್ಟುವ ಮುಂಚೆ ಒಳಗೆ ನೋಡಬೇಕು. ಆ ದುಡಿಯುವ ಹೆಂಗಸರಲ್ಲಿ ಮೂರನೇ ಎರಡರಷ್ಟು ಮಂದಿ ಸ್ವಂತ ಉದ್ಯೋಗದವರು, ಅದರಲ್ಲೂ ದೊಡ್ಡ ಪಾಲು ಮನೆಯವರ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಸಹಾಯ ಮಾಡುವವರು. ಕೊನೆಗೂ ಲೆಕ್ಕಕ್ಕೆ ಬಂದರು ಎಂಬುದು ಒಳ್ಳೆಯ ಸುದ್ದಿ. ಕೈಗೆ ದುಡ್ಡು ಬಂತೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮ ಸಮುದಾಯದ ಬಗ್ಗೆ ಸಾಚಾರ್ ಸಮಿತಿ 2006ರಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಆಗ ದೇಶದಲ್ಲಿ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಕೆಲಸದಲ್ಲಿದ್ದರೆ ಮುಸ್ಲಿಂ ಹೆಂಗಸರಲ್ಲಿ ಸುಮಾರು ಶೇ. 25. ಹಾಗೆ ದುಡಿಯುವ ಮುಸ್ಲಿಂ ಹೆಂಗಸರಲ್ಲಿ ಶೇ. 70 ಮಂದಿ ಸ್ವಂತ ಮನೆಯೊಳಗೇ ಕೆಲಸ ಮಾಡುವವರು. ಮೊದಲ ಅಂಕಿಯನ್ನು ನಮ್ಮಲ್ಲಿ ಬಹಳ ಚರ್ಚೆ ಮಾಡಿದೆವು. ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬೀಡಿ, ಜರಿ, ಊದುಬತ್ತಿ, ಹೊಲಿಗೆ: ಮನೆಯೊಳಗಿನ ಕೆಲಸವನ್ನು ಹೊರಗಿನವರು ಬಂದು ನೋಡುವುದಿಲ್ಲ, ಒಳಗಿನವರು ಎಣಿಸುವುದಿಲ್ಲ.

ಕಾನೂನು ಮಾತ್ರ ಈ ವಿಚಾರದಲ್ಲಿ ನಮ್ಮ ಮನೆಗಳಿಗಿಂತ ಮುಂದಿತ್ತು ಎನ್ನಬೇಕು. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಮಾಲಿಕರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆ ಮೊಕದ್ದಮೆಗಳಲ್ಲಿ ನಮ್ಮ ಮಂಗಳೂರಿನದೂ ಒಂದು. 1985ರಲ್ಲಿ ಪಿ.ಎಫ್. ಪ್ರಶ್ನೆ ಬಂದಾಗ ಕೋರ್ಟು ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲಿಕನಿಗಿದೆ. ಹಾಗಾದರೆ ಕೆಲಸದ ಮೇಲಿನ ಹಿಡಿತವೂ ಅವನದೇ. ಆದ್ದರಿಂದ ಅವಳು ತನ್ನ ಮನೆಯಲ್ಲಿ ಕುಳಿತಿದ್ದರೂ ಅವನ ನೌಕರಳೇ. ಎಷ್ಟು ನೇರವಾದ ಮಾತು! ಈಗ 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಆದರೆ ಯಾವ ಕಾಯಿದೆಯಾದರೂ ಪುಸ್ತಕದಲ್ಲಿ ಹೆಸರಿದ್ದವಳನ್ನು ಮಾತ್ರ ಹುಡುಕಿಕೊಂಡು ಬರುತ್ತದೆ.

ಹೆಸರಿಗೆ ಅಷ್ಟು ಶಕ್ತಿ ಇದೆಯೇ ಎಂದು ನೀವು ಕೇಳಬಹುದು. ಅದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಮಧ್ಯಪ್ರದೇಶದ ಉತ್ತರ ಭಾಗದಲ್ಲಿ ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತು ಸಂಗಡಿಗರು ಉದ್ಯೋಗ ಖಾತರಿ ಯೋಜನೆಯ ಕೂಲಿಯ ಬಗ್ಗೆ ಸಂಶೋಧನೆ ನಡೆಸಿದರು. ಹೆಂಡತಿಯ ಕೂಲಿಯೂ ಅಲ್ಲಿ ಸಾಮಾನ್ಯವಾಗಿ ಗಂಡನ ಖಾತೆಗೇ ಬೀಳುತ್ತಿತ್ತು. ಕೆಲವು ಪಂಚಾಯತಿಗಳಲ್ಲಿ ಹೆಂಗಸರಿಗೆ ಸ್ವಂತ ಖಾತೆ ತೆರೆದು, ಅದನ್ನು ಬಳಸುವುದು ಹೇಗೆಂದು ತಿಳಿಸಿ, ಕೂಲಿ ನೇರ ಆ ಖಾತೆಗೆ ಬರುವಂತೆ ಮಾಡಿದರು. ಅಲ್ಲಿ ಹೆಂಗಸರು ಹೆಚ್ಚು ಕೆಲಸಕ್ಕೆ ಹೋದರು, ಆ ಯೋಜನೆಯ ಹೊರಗಿನ ಕೆಲಸಕ್ಕೂ ಹೋದರು. ಹೆಚ್ಚು ಬದಲಾವಣೆ ಕಂಡದ್ದು ಮೊದಲು ಹೊರಗೆ ದುಡಿಯದಿದ್ದ, ಗಂಡಂದಿರಿಗೆ ಇಷ್ಟವಿಲ್ಲದಿದ್ದ ಮನೆಗಳಲ್ಲಿ. ಕೂಲಿಯ ದರ ಒಂದು ಪೈಸೆ ಹೆಚ್ಚಾಗಿರಲಿಲ್ಲ. ಬದಲಾದದ್ದು ಖಾತೆಯ ಹೆಸರು. ಈ ಸಂಶೋಧನೆ 2021ರಲ್ಲಿ ಪ್ರಕಟವಾಯಿತು.

ಇನ್ನೊಂದು ಸಂಶೋಧನೆಯನ್ನು ಇಲ್ಲಿರುವ ಗಂಡಸರಿಗಾಗಿಯೇ ತಂದಿದ್ದೇನೆ. ನಮ್ಮಲ್ಲಿ ಸೌದಿಯಲ್ಲಿ ದುಡಿದವರು ಅಥವಾ ದುಡಿಯುವವರು ಇಲ್ಲದ ಮನೆ ಕಡಿಮೆ. ಅಲ್ಲಿನ ರಿಯಾದ್ ನಗರದಲ್ಲಿ ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಿದರು: ಹೆಂಗಸರು ಮನೆಯ ಹೊರಗೆ ಉದ್ಯೋಗ ಮಾಡುವುದು ನಿಮಗೆ ಒಪ್ಪಿಗೆಯೇ? ಬಹುಪಾಲು ಮಂದಿ ಒಪ್ಪಿಗೆ ಎಂದರು. ನಿಮ್ಮ ಅಕ್ಕಪಕ್ಕದವರು ಒಪ್ಪುತ್ತಾರೆಯೇ ಎಂದು ಕೇಳಿದಾಗ, ಇಲ್ಲ, ಅವರಲ್ಲಿ ಅಷ್ಟು ಮಂದಿ ಒಪ್ಪುವುದಿಲ್ಲ ಎಂದರು. ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಹೆದರಿ ಕುಳಿತಿದ್ದ! ಕೆಲವರಿಗೆ ನಿಜವಾದ ಲೆಕ್ಕವನ್ನು ತೋರಿಸಿದರು. ಅವರು ಹೆಂಡತಿಯ ಹೆಸರನ್ನು ಉದ್ಯೋಗ ಹುಡುಕಿಕೊಡುವ ಸೇವೆಗೆ ನೋಂದಾಯಿಸಲು ಹೆಚ್ಚು ಮುಂದೆ ಬಂದರು. ಕೆಲವು ತಿಂಗಳ ಮೇಲೆ ವಿಚಾರಿಸಿದಾಗ ಆ ಮನೆಗಳ ಹೆಂಗಸರು ಹೊರಗಿನ ಕೆಲಸಕ್ಕೆ ಅರ್ಜಿ ಹಾಕಿದ್ದೂ ಹೆಚ್ಚು. 2020ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮ್ಮ ಮಸೀದಿಯ ಅಂಗಳದಲ್ಲಿ ನಿಂತು ಮಾತಾಡುವಾಗ "ಜನ ಏನು ಹೇಳುತ್ತಾರೋ" ಎನ್ನುತ್ತೇವಲ್ಲ, ಆ ಜನ ಯಾರು ಎಂದು ಒಮ್ಮೆ ಎಣಿಸಿ ನೋಡಬಾರದೇ?

ಈಗ ಬೀಡಿ ಕಟ್ಟಿದವರ ಹೆಣ್ಣುಮಕ್ಕಳ ಮಾತು. ಅವರು ಓದಿದ್ದಾರೆ. ಬಿ.ಎ., ಬಿ.ಕಾಂ., ಬಿ.ಎಡ್. ಮುಗಿಸಿದ್ದಾರೆ. ಈ ಸಭಾಂಗಣದಲ್ಲೇ ಹಲವರಿದ್ದೀರಿ. ಓದಿದವರು ಹೆಚ್ಚಾಗಿ ಸೇರುವುದು ಹತ್ತಿರದ ಖಾಸಗಿ ಶಾಲೆಗೆ. ನಾನೂ ಮೊದಲು ಸೇರಿದ್ದು ಅಂಥದೊಂದಕ್ಕೆ, ಹೆಸರು ಬೇಡ. ನನ್ನಷ್ಟೇ ಓದಿದ, ನನ್ನ ತರಗತಿಗಳಿಗೇ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರಿಗೆ ನನಗಿಂತ ಹೆಚ್ಚು ಸಂಬಳವಿತ್ತು. ಕೇಳಿದ್ದಕ್ಕೆ, "ಅವರು ಸಂಸಾರ ನಡೆಸಬೇಕಲ್ಲಮ್ಮ, ನಿಮಗೆ ಮನೆಯಲ್ಲಿ ದುಡಿಯುವವರಿದ್ದಾರೆ" ಎಂದರು. ಪುಸ್ತಕದಲ್ಲಿ ಸಹಿ ಹಾಕಿಸಿದ ಮೊತ್ತ ಒಂದು, ಕವರಿನಲ್ಲಿ ಕೊಟ್ಟದ್ದು ಇನ್ನೊಂದು. ಅಂದು ಸಂಜೆ ಬಸ್ಸಿನಲ್ಲಿ ಕುಳಿತಾಗ ನನಗೆ ಉಮ್ಮನ ಪುಸ್ತಕ ನೆನಪಾಯಿತು. ಪದವಿ ಪಡೆದರೂ ನಾನು ಅದೇ ಜಗಲಿಯಲ್ಲಿದ್ದೆ.

ಒಂದೇ ರೀತಿಯ ಕೆಲಸಕ್ಕೆ ಒಂದೇ ವೇತನ ಎಂದು ನಮ್ಮ ದೇಶ 1976ರಲ್ಲೇ ಕಾಯಿದೆ ಮಾಡಿತ್ತು. ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಆದರೆ ಈ ಕಾಯಿದೆಗೆ ಒಂದು ಮಿತಿ ಇದೆ. ಅದು ಹೆಂಗಸಿನ ಸಂಬಳವನ್ನು ಗಂಡಸಿನ ಸಂಬಳದ ಜೊತೆ ಹೋಲಿಸುತ್ತದೆ. ಎಲ್.ಕೆ.ಜಿ., ಯು.ಕೆ.ಜಿ.ಯಲ್ಲಿ ಪಾಠ ಮಾಡುವವರೆಲ್ಲ ಹೆಂಗಸರೇ ಆದರೆ ಹೋಲಿಸುವುದು ಯಾರ ಜೊತೆ? ಬೀಡಿ ಕಟ್ಟುವವರೆಲ್ಲ ಹೆಂಗಸರೇ ಆದಾಗಲೂ ಹೀಗೆಯೇ ಆಯಿತು. ಹೆಂಗಸರ ಕೆಲಸ ಎಂದು ಹೆಸರಾದ ಕೂಡಲೇ ಆ ಕೆಲಸದ ಬೆಲೆಯೇ ಇಳಿಯುತ್ತದೆ, ಯಾವ ಕಾಯಿದೆಯನ್ನೂ ಮುರಿಯದೆ ಇಳಿಯುತ್ತದೆ. ಗೋಲ್ಡಿನ್ ತೋರಿಸಿದ ಇನ್ನೊಂದು ಸಂಗತಿಯನ್ನೂ ಇದಕ್ಕೆ ಸೇರಿಸಿ: ಈಗಿನ ಕಾಲದಲ್ಲಿ ಗಂಡು ಹೆಣ್ಣಿನ ಸಂಬಳದ ಅಂತರ ದೊಡ್ಡದಾಗುವುದು ಮೊದಲ ಮಗು ಹುಟ್ಟಿದ ಮೇಲೆ. ನಮ್ಮಲ್ಲಿ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಎಂದಾಯಿತು. ಎಷ್ಟು ಶಾಲೆಗಳಲ್ಲಿ ನೋಡಿದ್ದೀರಿ?

ಅಧ್ಯಕ್ಷರು ಕ್ಷಮಿಸಬೇಕು, ಈ ಪ್ರಶ್ನೆ ನಮ್ಮ ಸಂಸ್ಥೆಗೂ ಸೇರಿದ್ದು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಈ ಸಂಸ್ಥೆ ಮಾಡಿದ ಕೆಲಸ ಸಣ್ಣದಲ್ಲ, ಅದರ ಫಲ ಉಂಡವಳೇ ಇಲ್ಲಿ ನಿಂತು ಮಾತಾಡುತ್ತಿದ್ದಾಳೆ. ಆ ಸಲಿಗೆಯಿಂದಲೇ ಕೇಳುತ್ತೇನೆ. ನಮ್ಮ ಶಾಲೆಗಳ ಶಿಕ್ಷಕಿಯರಿಗೆಲ್ಲ ಸಂಬಳ ಅವರ ಸ್ವಂತ ಖಾತೆಗೆ, ಸಹಿ ಹಾಕಿದಷ್ಟೇ ಹೋಗುತ್ತಿದೆಯೇ? ಆಡಳಿತ ಸಮಿತಿಯ ಮೇಜಿನ ಸುತ್ತ ಎಷ್ಟು ಮಂದಿ ಹೆಂಗಸರಿದ್ದಾರೆ? ವೇದಿಕೆಯ ಮೇಲೆ ಇವತ್ತು ನಾನೊಬ್ಬಳೇ ಇದ್ದೇನೆ, ಅದೂ ಅತಿಥಿಯಾಗಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ನಿಲ್ಲಿಸುತ್ತೇನೆ. 2027ರ ಜನಗಣತಿಯಲ್ಲಿ ನಿಮ್ಮ ಮನೆಗೆ ಗಣತಿಯವರು ಬಂದಾಗ ಬಾಗಿಲಿಗೆ ಹೋಗಿ ಉತ್ತರ ಕೊಡುವವರು ಹೆಚ್ಚಾಗಿ ಗಂಡಸರೇ ಆಗಿರುತ್ತಾರೆ. "ಅವಳು ಮನೆಯಲ್ಲೇ ಇರುವುದು" ಎಂಬುದು ಸಿದ್ಧವಾಗಿರುವ ಉತ್ತರ. ಅದಕ್ಕೆ ಮೊದಲು ನಿಮ್ಮ ತಾಯಿಯ ಒಂದು ದಿನವನ್ನು ಬರೆಯಿರಿ. ಎದ್ದದ್ದು ಎಷ್ಟು ಗಂಟೆಗೆ, ಆಮೇಲೆ ಏನು, ಅದಾದ ಮೇಲೆ ಏನು, ಮಲಗಿದ್ದು ಯಾವಾಗ. ಹೊಲಿಗೆಯೋ, ಬೀಡಿಯೋ, ಟ್ಯೂಷನ್ನೋ, ಅಂಗಡಿಯಲ್ಲಿ ಕುಳಿತದ್ದೋ, ಎಲ್ಲವನ್ನೂ ಬರೆಯಿರಿ. ದುಡ್ಡು ಬಂದರೆ ಯಾರ ಕೈಗೆ ಬಂತು ಎಂಬುದನ್ನೂ ಬರೆಯಿರಿ. ಮುದ್ರಿಸಿದ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಮನೆಯವರ ಹೆಸರು ಬರೆಯುವುದು ಬೇಡ. ಊಟದ ಮೇಲೆ ನಾನು ಪಕ್ಕದ ಕೋಣೆಯಲ್ಲಿರುತ್ತೇನೆ, ಹಾಳೆಯಲ್ಲಿ ಏನಾದರೂ ತಿಳಿಯದಿದ್ದರೆ ಅಲ್ಲಿಗೆ ಬನ್ನಿ.